ಯಾವ ಮೀನಿಗೆ ಯಾವ ಮೀನು ಜೊತೆ? ಓಕ್‌ವಿಲ್ ನೀರಿನಲ್ಲಿ ಅಕ್ವೇರಿಯಂ ಕೂಡಿಸುವ ಬಗೆ

ನಮ್ಮ ಸಂಘದಲ್ಲಿ ಮೀನು ಸಾಕುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ನಾಯಿ ಬೆಕ್ಕು ಸಾಕಲು ವಿದ್ಯಾರ್ಥಿಗಳ ಹತ್ತಿರ ಸಮಯವೂ ಇಲ್ಲ, ದುಡ್ಡೂ ಇಲ್ಲ. ನವೆಂಬರ್ ಬಂತೆಂದರೆ ಸಂಜೆ ಐದಕ್ಕೇ ಕತ್ತಲು. ಬೇಸ್‌ಮೆಂಟ್ ರೂಮಿನ ಮೂಲೆಯಲ್ಲಿ ಒಂದು ದೀಪ, ನಾಲ್ಕು ಹಸಿರು ಗಿಡ, ಓಡಾಡುವ ಬಣ್ಣದ ಮೀನು ಇದ್ದರೆ ಮನಸ್ಸಿಗೆ ಎಷ್ಟೋ ಹಗುರ. ಹಾಗಾಗಿ ಸಂಘದ ಸಭೆಗಳಲ್ಲಿ ಊಟದ ಹೊತ್ತಿಗೆ ಬರುವ ಪ್ರಶ್ನೆಗಳಲ್ಲಿ ಇದೂ ಒಂದಾಗಿದೆ: "ಈ ಮೀನಿನ ಜೊತೆ ಆ ಮೀನು ಹಾಕಬಹುದಾ?"

ಇದಕ್ಕೆ ಹೌದು, ಇಲ್ಲ ಅಂತ ಒಂದೇ ಮಾತಿನಲ್ಲಿ ಹೇಳಿದರೆ ಸಾಲದು. ಯಾಕೆ ಅಂತ ಗೊತ್ತಿದ್ದರೆ ನಾಳೆ ಅಂಗಡಿಯಲ್ಲಿ ಕಾಣದ ಹೆಸರಿನ ಮೀನು ಎದುರಾದಾಗ ನೀವೇ ನಿರ್ಧಾರ ಮಾಡಬಹುದು. ಅದಕ್ಕೇ ಈ ಲೇಖನ.

ಮೊದಲೇ ಒಂದು ಮಾತು. ಹೊಳೆಯಲ್ಲಿ ಒಂದು ಮೀನು ಇನ್ನೊಂದನ್ನು ಅಟ್ಟಿಸಿಕೊಂಡು ಬಂದರೆ ಸಣ್ಣದು ಓಡಿ ಹೋಗುತ್ತದೆ, ಕಲ್ಲಿನ ಸಂದಿಗೆ ನುಗ್ಗುತ್ತದೆ, ಹತ್ತು ಮಾರು ಆಚೆ ಬೇರೆ ಜಾಗ ನೋಡಿಕೊಳ್ಳುತ್ತದೆ. ಜಗಳ ಅಲ್ಲಿಗೆ ಮುಗಿಯುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಓಡಿ ಹೋಗುವ ದಾರಿಯೇ ಇಲ್ಲ. ಅದೇ ಎರಡು ಮೀನು, ಅದೇ ಜಗಳ, ಆದರೆ ಬೆಳಿಗ್ಗೆಯಿಂದ ರಾತ್ರಿವರೆಗೆ, ವಾರಗಟ್ಟಲೆ. ಸೋತ ಮೀನು ಮೂಲೆ ಹಿಡಿಯುತ್ತದೆ, ತಿನ್ನುವುದು ಬಿಡುತ್ತದೆ, ರೋಗ ಬಂದು ಸಾಯುತ್ತದೆ. ನಾವು "ಏನೋ ರೋಗ ಬಂತು" ಅಂದುಕೊಳ್ಳುತ್ತೇವೆ. ಗೋಡೆ ಕಟ್ಟಿದವರು ನಾವು. ಆದ್ದರಿಂದ ಒಳಗೆ ಯಾರ ಜೊತೆ ಯಾರು ಅನ್ನುವ ಹೊಣೆಯೂ ನಮ್ಮದೇ.

1. ಮೊದಲು ನೀರು, ಆಮೇಲೆ ಮೀನು

ಎರಡು ಮೀನುಗಳ ಸ್ವಭಾವ ಎಷ್ಟೇ ಹೊಂದಿದರೂ, ಒಂದಕ್ಕೆ ಬೇಕಾದ ನೀರು ಇನ್ನೊಂದಕ್ಕೆ ಆಗದಿದ್ದರೆ ಆ ಜೋಡಿ ಬೇಡ. ಹಾಗಾಗಿ ನಮ್ಮ ನಲ್ಲಿಯಲ್ಲಿ ಎಂಥ ನೀರು ಬರುತ್ತದೆ ಅಂತ ತಿಳಿದುಕೊಳ್ಳುವುದೇ ಮೊದಲ ಕೆಲಸ.

ಓಕ್‌ವಿಲ್‌ಗೆ ನೀರು ಕೊಡುವುದು ಹಾಲ್ಟನ್ ರೀಜನ್. ನೀರು ಬರುವುದು ಲೇಕ್ ಒಂಟಾರಿಯೊದಿಂದ. ಸರೋವರದ ಈ ನೀರು ಮಧ್ಯಮ ಗಡಸು: ಲೀಟರಿಗೆ ಸುಮಾರು 120ರಿಂದ 130 ಮಿಲಿಗ್ರಾಂ ಗಡಸುತನ, ಪಿಎಚ್ 7ಕ್ಕಿಂತ ಸ್ವಲ್ಪ ಮೇಲೆ, ಅಂದರೆ ತುಸು ಕ್ಷಾರದ ಕಡೆಗೆ. ಮಿಸ್ಸಿಸಾಗ, ಟೊರೊಂಟೊ, ಹ್ಯಾಮಿಲ್ಟನ್‌ನಲ್ಲಿ ಇರುವ ಗೆಳೆಯರಿಗೂ ಹೆಚ್ಚುಕಡಿಮೆ ಇದೇ ಸರೋವರದ ನೀರು. ಆದರೆ ಗ್ವೆಲ್ಫ್, ವಾಟರ್ಲೂ ಕಡೆ ಓದುವವರು ಎಚ್ಚರ: ಅಲ್ಲಿ ಬಳಸುವುದು ಬಹುಪಾಲು ಅಂತರ್ಜಲ, ಅದು ಇದಕ್ಕಿಂತ ತುಂಬ ಗಡಸು. ಹಾಲ್ಟನ್ ಒಳಗೇ ಜಾರ್ಜ್‌ಟೌನ್, ಆಕ್ಟನ್ ಊರುಗಳಿಗೆ ಬಾವಿ ನೀರು. ನೀರಿನ ಗುಣಮಟ್ಟದ ವಾರ್ಷಿಕ ವರದಿಯನ್ನು ರೀಜನ್ ಪ್ರಕಟಿಸುತ್ತದೆ, ಒಮ್ಮೆ ತೆಗೆದು ನೋಡಿ.

ಇದರ ಅರ್ಥ ಏನು? ಗಪ್ಪಿ, ಮಾಲಿ, ಪ್ಲಾಟಿ ತರಹ ಮರಿ ಹಾಕುವ ಮೀನುಗಳಿಗೆ ನಮ್ಮ ನೀರು ಬಹಳ ಒಳ್ಳೆಯದು. ನಿಯಾನ್ ಟೆಟ್ರಾದ ಮೂಲ ಅಮೆಜಾನ್ ಕೊಳ್ಳದ ಮೆದು ನೀರು. ಆದರೂ ಇಲ್ಲಿ ಸಿಗುವ ನಿಯಾನ್‌ಗಳು ಬಹುಪಾಲು ಫಾರ್ಮಿನಲ್ಲಿ ಬೆಳೆದವು, ಹಾಗಾಗಿ ನಮ್ಮ ನೀರಿಗೆ ಒಗ್ಗಿಕೊಳ್ಳುತ್ತವೆ. ಡಿಸ್ಕಸ್‌ನಂಥ ನಾಜೂಕು ಮೀನುಗಳನ್ನು ಮಾತ್ರ ಮೊದಲ ವರ್ಷ ಮರೆತುಬಿಡಿ. ಔಷಧಿ ಸುರಿದು ಪಿಎಚ್ ಬದಲಾಯಿಸುತ್ತಾ ಕೂರುವುದಕ್ಕಿಂತ ಇರುವ ನೀರಿಗೆ ಹೊಂದುವ ಮೀನು ತರುವುದು ಸುಲಭ, ಅಗ್ಗ, ಮೀನಿಗೂ ಕ್ಷೇಮ. ಪಿಎಚ್ ದಿನಕ್ಕೊಂದು ಥರ ಆಡಿದರೆ ಮೀನಿಗೆ ಅದೇ ದೊಡ್ಡ ಹೊಡೆತ.

ಎರಡನೆಯದು ಉಷ್ಣತೆ. ಬಹಳ ಜನ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗೋಲ್ಡ್‌ಫಿಶ್ ತಂಪು ನೀರಿನ ಮೀನು, 18ರಿಂದ 22 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. ಬೆಟ್ಟಾ, ಅಂದರೆ ನಮ್ಮೂರ ಅಂಗಡಿಗಳಲ್ಲಿ ಫೈಟರ್ ಅಂತ ಮಾರುವ ಮೀನಿಗೆ 25ರಿಂದ 28 ಬೇಕು. ಇಬ್ಬರನ್ನೂ ಒಂದೇ ಟ್ಯಾಂಕಿಗೆ ಹಾಕಿ 23 ಡಿಗ್ರಿಗೆ ಇಟ್ಟರೆ ರಾಜಿ ಆಯಿತು ಅಂತ ನಮಗೆ ಅನ್ನಿಸಬಹುದು. ನಿಜದಲ್ಲಿ ಒಬ್ಬರಿಗೆ ಸೆಕೆ, ಇನ್ನೊಬ್ಬರಿಗೆ ಚಳಿ.

2. ಜಾಗದ ಲೆಕ್ಕ

ಅಂಗಡಿಗಳಲ್ಲಿ "ಗ್ಯಾಲನ್‌ಗೆ ಒಂದು ಇಂಚು ಮೀನು" ಅನ್ನುವ ಹಳೆಯ ಲೆಕ್ಕ ಈಗಲೂ ಕೇಳಿಬರುತ್ತದೆ. ಸಣ್ಣ ಮೀನುಗಳಿಗೆ ಅದು ಅಂದಾಜಿಗೆ ಪರವಾಗಿಲ್ಲ, ದೊಡ್ಡ ಮೀನಿಗೆ ಪೂರ್ತಿ ತಪ್ಪು. ಯೋಚನೆ ಮಾಡಿ: ಹತ್ತು ಇಂಚಿನ ಒಂದು ಆಸ್ಕರ್ ಮೀನು, ಒಂದಿಂಚಿನ ಹತ್ತು ಮೀನಿಗೆ ಸಮವೇ? ಉದ್ದ ಹತ್ತು ಪಟ್ಟಾದರೆ ಅಗಲ, ಎತ್ತರವೂ ಹತ್ತು ಪಟ್ಟು; ದೇಹದ ಗಾತ್ರ ಸಾವಿರ ಪಟ್ಟು. ತಿನ್ನುವುದು, ಹೊಲಸು ಮಾಡುವುದು ಎಲ್ಲವೂ ಅದಕ್ಕೆ ತಕ್ಕ ಹಾಗೆ ಏರುತ್ತದೆ.

ಅದಕ್ಕಿಂತ ಮುಖ್ಯ, ಅಂಗಡಿಯಲ್ಲಿ ಕಾಣುವುದು ಮರಿಗಳು. ನೋಡಬೇಕಾದ್ದು ಬೆಳೆದ ಮೇಲಿನ ಗಾತ್ರ. ಹೆಸರನ್ನು ನಂಬಿ ಮೋಸ ಹೋಗುವುದೂ ಉಂಟು. "ಐರಿಡೆಸೆಂಟ್ ಶಾರ್ಕ್" ಅಂತ ಬೆರಳುದ್ದದ ಬೆಳ್ಳಿ ಮರಿ ಮಾರುತ್ತಾರೆ. ಅದು ಶಾರ್ಕ್ ಅಲ್ಲ, ಪಂಗಾಸಿಯಸ್, ಅಂದರೆ ಇಲ್ಲಿನ ಸೂಪರ್‌ಮಾರ್ಕೆಟ್ ಫ್ರೀಜರ್‌ನಲ್ಲಿ "ಬಾಸಾ" ಅಂತ ಪ್ಯಾಕೆಟ್‌ನಲ್ಲಿ ಸಿಗುವ ಮೀನುಗಳ ಬಳಗದ್ದೇ. ಬೆಳೆದರೆ ಒಂದು ಮೀಟರ್ ದಾಟುತ್ತದೆ. ಟ್ಯಾಂಕ್ ಕ್ಲೀನ್ ಮಾಡುತ್ತದೆ ಅಂತ ಕೊಡುವ ಸಾಮಾನ್ಯ ಪ್ಲೆಕೊ, ನಮ್ಮ ಕಡೆ "ಸಕ್ಕರ್ ಫಿಶ್" ಅನ್ನುವುದು, 30 ಸೆಂಟಿಮೀಟರ್ ಮೀರಿ ಬೆಳೆಯುತ್ತದೆ. ಅದು ಮಾಡುವ ಕ್ಲೀನಿಂಗ್‌ಗಿಂತ ಮಾಡುವ ಗಲೀಜೇ ಜಾಸ್ತಿ. ಅದರ ಬದಲು ಬ್ರಿಸ್ಟಲ್‌ನೋಸ್ ಪ್ಲೆಕೊ ಸುಮಾರು 12 ಸೆಂಟಿಮೀಟರಿಗೆ ನಿಲ್ಲುತ್ತದೆ. ಇನ್ನೂ ಸಣ್ಣ ಟ್ಯಾಂಕಾದರೆ ಪಾಚಿ ತಿನ್ನಲು ನೆರೈಟ್ ಬಸವನಹುಳು ಸಾಕು. ಅದು ಸಿಹಿನೀರಿನಲ್ಲಿ ಮರಿ ಮಾಡಿ ಟ್ಯಾಂಕ್ ತುಂಬಿಸುವುದಿಲ್ಲ ಅನ್ನುವುದು ಇನ್ನೊಂದು ಅನುಕೂಲ.

ಲೀಟರಿನಷ್ಟೇ ಮುಖ್ಯ ಟ್ಯಾಂಕಿನ ಆಕಾರ. ಎತ್ತರದ ಟ್ಯಾಂಕ್ ನೋಡಲು ಚಂದ, ಆದರೆ ಮೀನು ಈಜುವುದು ಅಡ್ಡಕ್ಕೆ. ಸಾಮಾನ್ಯ 10 ಗ್ಯಾಲನ್ ಟ್ಯಾಂಕ್ (38 ಲೀಟರ್) 20 ಇಂಚು ಉದ್ದ. "20 ಲಾಂಗ್" ಅನ್ನುವ ಟ್ಯಾಂಕ್ (75 ಲೀಟರ್) 30 ಇಂಚು ಉದ್ದ. ಆ ಹತ್ತು ಇಂಚು ಜಾಸ್ತಿಯಾದದ್ದಕ್ಕೆ ಸಾಕಬಹುದಾದ ಮೀನುಗಳ ಪಟ್ಟಿ ಎರಡು ಮೂರು ಪಟ್ಟು ಉದ್ದವಾಗುತ್ತದೆ. ರೂಮಿನಲ್ಲಿ ಜಾಗ ಇದ್ದರೆ ಮೊದಲ ಟ್ಯಾಂಕೇ 20 ಲಾಂಗ್ ಇರಲಿ. ಒಂದು ಲೀಟರ್ ನೀರು ಒಂದು ಕಿಲೋ, ಮೇಲೆ ಗಾಜು, ಮರಳು, ಕಲ್ಲು. ಐಕಿಯಾದ ಹಗುರ ಮೇಜು ಇದನ್ನು ತಡೆಯುವುದಿಲ್ಲ, ಗಟ್ಟಿ ಸ್ಟ್ಯಾಂಡ್ ನೋಡಿಕೊಳ್ಳಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆ ಇಲ್ಲಿ ಅಕ್ಷರಶಃ ಸರಿ.

3. ಬಾಯಿಯ ಅಳತೆ, ಬಾಲದ ಆಸೆ

ಮತ್ಸ್ಯನ್ಯಾಯ ಅನ್ನುವ ಪದ ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಬಾಯಿಗೆ ಹಿಡಿಸಿದ್ದು ಹೊಟ್ಟೆಗೆ ಹೋಗುತ್ತದೆ. ಇದರಲ್ಲಿ ಮೀನಿನ "ದುಷ್ಟತನ" ಏನೂ ಇಲ್ಲ. ಏಂಜೆಲ್ ಫಿಶ್ ಮತ್ತು ನಿಯಾನ್ ಟೆಟ್ರಾ ಜೋಡಿ ಇದಕ್ಕೆ ಒಳ್ಳೆಯ ಉದಾಹರಣೆ. ಎರಡೂ ದಕ್ಷಿಣ ಅಮೆರಿಕದವು, ಎರಡಕ್ಕೂ ಒಂದೇ ಥರದ ನೀರು, ಅಂಗಡಿಯಲ್ಲಿ ಮರಿಗಳಾಗಿ ಒಟ್ಟಿಗೆ ಸೌಮ್ಯವಾಗಿಯೇ ಇರುತ್ತವೆ. ಎಂಟು ತಿಂಗಳಾದ ಮೇಲೆ ಏಂಜೆಲ್ ಅಂಗೈ ಅಗಲ ಬೆಳೆಯುತ್ತದೆ, ನಿಯಾನ್ ಮೂರು ನಾಲ್ಕು ಸೆಂಟಿಮೀಟರಿನಲ್ಲೇ ಇರುತ್ತದೆ. ಒಂದೊಂದೇ ರಾತ್ರಿ ಒಂದೊಂದೇ ನಿಯಾನ್ ಲೆಕ್ಕ ತಪ್ಪುತ್ತದೆ.

ಇನ್ನೊಂದು ಬಗೆಯ ಕಾಟ ನುಂಗುವುದಲ್ಲ, ಕಡಿಯುವುದು. ಟೈಗರ್ ಬಾರ್ಬ್‌ಗೆ ಉದ್ದ ಬಾಲ, ಜೋಲುವ ಈಜುರೆಕ್ಕೆ ಕಂಡರೆ ಸುಮ್ಮನಿರಲು ಆಗದು. ಬೆಟ್ಟಾ, ಏಂಜೆಲ್, ಗಪ್ಪಿ ಇವುಗಳ ಜೊತೆ ಹಾಕಿದರೆ ಒಂದು ವಾರದಲ್ಲಿ ಬಾಲ ಚಿಂದಿ. ಟೈಗರ್ ಬಾರ್ಬ್ ಬೇಕೇ ಬೇಕು ಅಂದರೆ ಎಂಟು ಹತ್ತರ ಗುಂಪಿನಲ್ಲಿ, ಅವುಗಳಷ್ಟೇ ಚುರುಕಾದ ಮೀನುಗಳ ಜೊತೆ ಸಾಕಿ. ಗುಂಪು ದೊಡ್ಡದಾದಷ್ಟೂ ಅವು ತಮ್ಮತಮ್ಮಲ್ಲೇ ಕಚ್ಚಾಡಿಕೊಂಡು ಹೊರಗಿನವರನ್ನು ಬಿಡುತ್ತವೆ.

ಬೆಟ್ಟಾ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಯಾಕೆಂದರೆ ವಿದ್ಯಾರ್ಥಿಗಳ ಮೊದಲ ಮೀನು ಹೆಚ್ಚಾಗಿ ಅದೇ. ಮೂಲ ಥೈಲ್ಯಾಂಡ್ ಸುತ್ತಿನ ಗದ್ದೆ, ಜೌಗು ನೀರು. ಆ ದೇಶ 2019ರಲ್ಲಿ ಅದನ್ನು ರಾಷ್ಟ್ರೀಯ ಜಲಚರ ಅಂತಲೇ ಘೋಷಿಸಿತು. ಎರಡು ಗಂಡು ಬೆಟ್ಟಾ ಒಂದೇ ಟ್ಯಾಂಕಿನಲ್ಲಿ ಯಾವತ್ತೂ ಬೇಡ. ಬಣ್ಣದ ದೊಡ್ಡ ಬಾಲದ ಗಂಡು ಗಪ್ಪಿಯನ್ನೂ ಅದು ಎದುರಾಳಿ ಅಂತ ತಿಳಿಯಬಹುದು. ಹಾಗಂತ ಬೆಟ್ಟಾ ಒಂಟಿಯಾಗಿಯೇ ಇರಬೇಕೆಂದಿಲ್ಲ. ಜಾಗ ಸಾಕಷ್ಟಿದ್ದರೆ ತಳದಲ್ಲಿ ಓಡಾಡುವ ಕೋರಿಡೋರಸ್, ರಾತ್ರಿ ಹೊರಬರುವ ಕೂಲಿ ಲೋಚ್, ನೆರೈಟ್ ಬಸವನಹುಳು ಇವು ಅದರ ದಾರಿಗೆ ಅಡ್ಡ ಬರುವುದಿಲ್ಲ. ಆದರೆ ಬೆಟ್ಟಾಗಳಲ್ಲೂ ಒಂದೊಂದರ ಸ್ವಭಾವ ಒಂದೊಂದು ಥರ. ಮೊದಲ ಹತ್ತು ದಿನ ಕಣ್ಣಿಟ್ಟಿರಿ.

ಬೆಂಗಳೂರಿನಲ್ಲಿ ವಾಸ್ತುವಿಗೆ, ಅದೃಷ್ಟಕ್ಕೆ ಅಂತ ಮನೆಗೆ ತರುವ ಫ್ಲವರ್‌ಹಾರ್ನ್, ಅರೊವಾನ ನೋಡಿರುತ್ತೀರಿ. ಫ್ಲವರ್‌ಹಾರ್ನ್ ಇನ್ನೊಂದು ಮೀನನ್ನು ಸಹಿಸುವುದು ಅಪರೂಪ, ಸಿಲ್ವರ್ ಅರೊವಾನ ಮೂರಡಿ ಮುಟ್ಟುವ ಮೀನು. ವಿದ್ಯಾರ್ಥಿಯ ರೂಮಿನಲ್ಲಿ ಅವಕ್ಕೆ ಜಾಗವಿಲ್ಲ, ಜೊತೆಯ ಮಾತಂತೂ ದೂರ.

4. ಒಂಟಿ ಬೇಡ, ಗುಂಪು ಬೇಕು

"ಪ್ರತಿಯೊಂದರಲ್ಲೂ ಎರಡೆರಡು ಕೊಡಿ" ಅಂತ ಕೇಳುವುದು ನಮ್ಮಲ್ಲಿ ರೂಢಿ. ಬಣ್ಣ ಬಣ್ಣ ಕಾಣಲಿ ಅಂತ ಆಸೆ. ಆದರೆ ಟೆಟ್ರಾ, ರಸ್ಬೋರಾ, ಡೇನಿಯೊ, ಬಾರ್ಬ್, ಕೋರಿಡೋರಸ್ ಇವೆಲ್ಲ ಗುಂಪಿನ ಜೀವಿಗಳು. ತಮ್ಮ ಜಾತಿಯವರು ಕನಿಷ್ಠ ಆರು ಮಂದಿ ಇದ್ದರೇ ಅವಕ್ಕೆ ಧೈರ್ಯ. ಎರಡೇ ಇದ್ದರೆ ಒಂದೋ ಹೆದರಿ ಗಿಡದ ಹಿಂದೆ ಅಡಗುತ್ತವೆ, ಇಲ್ಲವೋ ಪಕ್ಕದವರಿಗೆ ಕಚ್ಚುತ್ತವೆ. ಐದು ಜಾತಿಯ ಎರಡೆರಡಕ್ಕಿಂತ ಒಂದೇ ಜಾತಿಯ ಹತ್ತು ಮೀನು ಒಟ್ಟಾಗಿ ತಿರುಗುವುದು ಕಣ್ಣಿಗೂ ಹಬ್ಬ.

ಜೊತೆಗೆ, ನೀರಿನ ಮೂರು ಮಹಡಿಗಳನ್ನು ನೆನಪಿಡಿ. ಮೇಲೆ ಡೇನಿಯೊ, ಗುರಾಮಿ. ನಡುವೆ ಟೆಟ್ರಾ, ರಸ್ಬೋರಾ, ಬಾರ್ಬ್. ತಳದಲ್ಲಿ ಕೋರಿಡೋರಸ್, ಲೋಚ್. ಮಹಡಿಗೊಂದು ಗುಂಪು ಇಟ್ಟರೆ ತಿಕ್ಕಾಟ ತಾನಾಗಿಯೇ ಕಡಿಮೆ. ತಳದವರಿಗೆ ಮೇಲಿನಿಂದ ಬಿದ್ದ ಚೂರು ಸಾಲುವುದಿಲ್ಲ, ಮುಳುಗುವ ಗುಳಿಗೆ ಪ್ರತ್ಯೇಕ ಹಾಕಿ. ಕೋರಿಡೋರಸ್ ಮೂತಿಯಿಂದ ತಳ ಕೆದಕಿ ತಿನ್ನುವುದರಿಂದ ಚೂಪು ಕಲ್ಲಿನ ಬದಲು ನುಣ್ಣನೆ ಮರಳು ಒಳ್ಳೆಯದು.

ಮರಿ ಹಾಕುವ ಮೀನುಗಳಲ್ಲಿ ಗಂಡು ಹೆಣ್ಣಿನ ಲೆಕ್ಕವೂ ಇದೆ. ಒಂದು ಗಂಡು ಗಪ್ಪಿಗೆ ಎರಡು ಮೂರು ಹೆಣ್ಣು ಇಲ್ಲದಿದ್ದರೆ ಒಂದೇ ಹೆಣ್ಣಿಗೆ ಬಿಡುವಿಲ್ಲದ ಕಾಟ. ಆದರೆ ಹೆಣ್ಣಿದ್ದರೆ ತಿಂಗಳಿಗೊಮ್ಮೆ ಮರಿ, ಆರು ತಿಂಗಳಲ್ಲಿ ಟ್ಯಾಂಕ್ ಭರ್ತಿ. ಮರಿ ಬೇಡ ಅನ್ನುವವರು ಬರೀ ಗಂಡುಗಳ ಗುಂಪು ಸಾಕಿ.

5. ನಮ್ಮ ಕಡೆಯ ಮೀನುಗಳು ಇಲ್ಲಿನ ಅಂಗಡಿಯಲ್ಲಿ

ಇಲ್ಲಿನ ಅಕ್ವೇರಿಯಂ ಅಂಗಡಿಗೆ ಹೋದಾಗ ನಮ್ಮ ನಾಡಿನ ಮೀನುಗಳನ್ನು ಗುರುತಿಸುವುದೇ ಒಂದು ಖುಷಿ. "ರೋಸ್‌ಲೈನ್ ಶಾರ್ಕ್" ಅಂತ ಚೀಟಿ ಅಂಟಿಸಿ ಮಾರುವ, ಪಕ್ಕದಲ್ಲಿ ಕೆಂಪು ಕಪ್ಪು ಗೆರೆಯ ಮೀನು ನಿಜಕ್ಕೂ ಡೆನಿಸನ್ ಬಾರ್ಬ್, ಭಾರತದಲ್ಲಿ "ಮಿಸ್ ಕೇರಳ" ಅಂತ ಹೆಸರಾದದ್ದು. ಫ್ರಾನ್ಸಿಸ್ ಡೇ 1865ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ ಮೀನು. ಪಶ್ಚಿಮಘಟ್ಟದಿಂದ ಇಳಿಯುವ ಕೇರಳದ ಮತ್ತು ದಕ್ಷಿಣ ಕರ್ನಾಟಕದ ಹೊಳೆಗಳಲ್ಲಿ, ಕಾಸರಗೋಡಿನ ಚಂದ್ರಗಿರಿಯೂ ಸೇರಿದಂತೆ, ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಅದು ಸಹಜವಾಗಿ ಇಲ್ಲ. ಅಕ್ವೇರಿಯಂ ವ್ಯಾಪಾರಕ್ಕಾಗಿ ಹೊಳೆಯಿಂದ ವಿಪರೀತ ಹಿಡಿದದ್ದೂ ಸೇರಿ ಹಲವು ಕಾರಣಗಳಿಂದ ಈಗ ಅಳಿವಿನ ಅಪಾಯದ ಪಟ್ಟಿಯಲ್ಲಿದೆ. ಹಾಗಾಗಿ ಕೊಳ್ಳುವಾಗ "ಇದು ಫಾರ್ಮಿನಲ್ಲಿ ಬೆಳೆಸಿದ್ದಾ?" ಅಂತ ಕೇಳಿಯೇ ಕೊಳ್ಳಿ. 12ರಿಂದ 15 ಸೆಂಟಿಮೀಟರ್ ಬೆಳೆಯುವ, ಸದಾ ಓಡುವ ಗುಂಪಿನ ಮೀನು. ತಂಪಾದ, ಹರಿಯುವ, ಆಮ್ಲಜನಕ ತುಂಬಿದ ನೀರು ಬೇಕು. ನಾಲ್ಕಡಿ ಉದ್ದದ ಟ್ಯಾಂಕ್ ಇಲ್ಲದವರು ಆಸೆ ಪಡಬೇಡಿ.

ಇದಕ್ಕೆ ಪೂರ್ತಿ ಉಲ್ಟಾ ಪೀ ಪಫರ್. ಇದೂ ಕೇರಳ ಮತ್ತು ದಕ್ಷಿಣ ಕರ್ನಾಟಕದ ಪಶ್ಚಿಮಘಟ್ಟದ್ದೇ. ಹೆಸರೇ ಹೇಳುವಂತೆ ಬಟಾಣಿಯಂಥ ದುಂಡು ಮೀನು, ಪೂರ್ತಿ ಬೆಳೆದರೂ ಮೂರು ಸೆಂಟಿಮೀಟರ್ ಆಸುಪಾಸು. ಗೋಲಿ ಕಣ್ಣು ತಿರುಗಿಸುತ್ತಾ ನೋಡುವ ಪರಿಗೆ ಯಾರಾದರೂ ಮರುಳಾಗಬೇಕು. ಆದರೆ ತನಗಿಂತ ಮೂರು ಪಟ್ಟು ದೊಡ್ಡ ಮೀನಿನ ಬಾಲವನ್ನೂ ಕಡಿದು ಬರುತ್ತದೆ, ಬಸವನಹುಳುಗಳನ್ನು ಒಂದೊಂದಾಗಿ ಮುಗಿಸುತ್ತದೆ. ಗಾತ್ರ ನೋಡಿ ಸ್ವಭಾವ ಅಳೆಯಬಾರದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಇದಕ್ಕೆ ಅದರದ್ದೇ ಆದ, ಗಿಡ ತುಂಬಿದ ಟ್ಯಾಂಕ್ ಕೊಡಿ.

ಉತ್ತರ ಭಾರತ, ಬಂಗಾಳದ ಕಡೆಯವು ಜೀಬ್ರಾ ಡೇನಿಯೊ, ರೋಸಿ ಬಾರ್ಬ್, ಹನಿ ಗುರಾಮಿ. ಈ ಮೂರಕ್ಕೂ ವೈಜ್ಞಾನಿಕ ಹೆಸರಿಟ್ಟವನು ಒಬ್ಬನೇ, 1822ರಲ್ಲಿ ಬಂದ ಗಂಗಾ ನದಿಯ ಮೀನುಗಳ ಪುಸ್ತಕದಲ್ಲಿ: ಫ್ರಾನ್ಸಿಸ್ ಹ್ಯಾಮಿಲ್ಟನ್. ಹೈಸ್ಕೂಲಿನ ಇತಿಹಾಸ ಪಾಠ ನೆನಪಿದ್ದವರಿಗೆ ಅವನು ಬೇರೆ ಹೆಸರಿನಲ್ಲಿ ಗೊತ್ತು. ಟಿಪ್ಪು ಸುಲ್ತಾನ್ ಮಡಿದ ಮೇಲೆ 1800–1801ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿ ಬೆಳೆ, ನೀರಾವರಿ, ಕಸುಬುಗಳನ್ನೆಲ್ಲ ಬರೆದಿಟ್ಟ ಬುಕಾನನ್ ಇವನೇ. ಆಮೇಲೆ ತಾಯಿಯ ಮನೆತನದ ಹೆಸರು ಹ್ಯಾಮಿಲ್ಟನ್ ಸೇರಿಸಿಕೊಂಡ. ಅವನು ಹೆಸರಿಟ್ಟ ಜೀಬ್ರಾ ಡೇನಿಯೊ ಇವತ್ತು ಟೊರೊಂಟೊದಿಂದ ಬೆಂಗಳೂರಿನವರೆಗೆ ಜೀವಶಾಸ್ತ್ರದ ಪ್ರಯೋಗಾಲಯಗಳಲ್ಲಿ ಇದೆ. ಲ್ಯಾಬಿನಲ್ಲಿ "ಜೀಬ್ರಾಫಿಶ್" ಅಂದರೆ ಇದೇ. ಅಷ್ಟು ಗಟ್ಟಿ ಜೀವ, ಹೊಸಬರಿಗೆ ಹೇಳಿ ಮಾಡಿಸಿದ ಮೀನು. ಹನಿ ಗುರಾಮಿ ಮಾತ್ರ ಸಂಕೋಚದ ಸ್ವಭಾವದ್ದು. ಡೇನಿಯೊಗಳ ಓಡಾಟದ ನಡುವೆ ಅದಕ್ಕೆ ಊಟವೇ ಸಿಗದೆ ಹೋಗಬಹುದು. ಒಂದೇ ದೇಶದವರು ಅಂದ ಮಾತ್ರಕ್ಕೆ ಹೊಂದಿಕೊಳ್ಳುತ್ತಾರೆ ಅಂತ ಇಲ್ಲ, ನಮ್ಮ ರೂಮುಗಳಲ್ಲಿ ನೋಡಿದ್ದೇವಲ್ಲ!

6. ಓಕ್‌ವಿಲ್ ನೀರಿಗೆ ಮೂರು ಟ್ಯಾಂಕ್

ಮೇಲಿನ ಲೆಕ್ಕವನ್ನೆಲ್ಲ ಕೂಡಿಸಿ ಮೂರು ಮಾದರಿ ಕೊಡುತ್ತಿದ್ದೇವೆ. ಮೂರಕ್ಕೂ ಫಿಲ್ಟರ್, ಹೀಟರ್, ಮುಚ್ಚಳ ಬೇಕು.

*ಸಣ್ಣ ರೂಮಿಗೆ, 38 ಲೀಟರ್ (10 ಗ್ಯಾಲನ್), 26 ಡಿಗ್ರಿ:* ಒಂದು ಗಂಡು ಬೆಟ್ಟಾ, ಎರಡು ನೆರೈಟ್ ಬಸವನಹುಳು. ಇಷ್ಟೇ. ಬೆಟ್ಟಾ ಬೇಡ ಅಂದರೆ ಎಂಟು ಎಂಬರ್ ಟೆಟ್ರಾ ಮತ್ತು ಚೆರ್ರಿ ಸೀಗಡಿಗಳ ಒಂದು ಸಣ್ಣ ಗುಂಪು. ಬೆಟ್ಟಾ ಇರುವಲ್ಲಿ ಈ ಸೀಗಡಿ ಹಾಕಿದರೆ ಅದು ಅದರ ತಿಂಡಿ.

*ಹಂಚಿಕೊಂಡ ಮನೆಯ ಹಾಲ್‌ಗೆ, 75 ಲೀಟರ್ (20 ಲಾಂಗ್), 25 ಡಿಗ್ರಿ:* ಎಂಟು ಹಾರ್ಲೆಕ್ವಿನ್ ರಸ್ಬೋರಾ, ಆರು ಬ್ರಾಂಜ್ ಕೋರಿಡೋರಸ್, ಒಂದು ಜೋಡಿ ಹನಿ ಗುರಾಮಿ. ಮೂರು ಮಹಡಿ, ಮೂರು ಗುಂಪು, ಎಲ್ಲರೂ ಸೌಮ್ಯ. ಮೊದಲ ಟ್ಯಾಂಕ್ ಯಾವುದು ಅಂತ ಕೇಳಿದರೆ ನಮ್ಮ ಉತ್ತರ ಇದು.

*ಜಾಗ, ದುಡ್ಡು ಎರಡೂ ಇದ್ದವರಿಗೆ "ದೇಸಿ ಟ್ಯಾಂಕ್", 208 ಲೀಟರ್ (55 ಗ್ಯಾಲನ್, ನಾಲ್ಕಡಿ), 23 ಡಿಗ್ರಿ:* ಆರು ಡೆನಿಸನ್ ಬಾರ್ಬ್, ಹತ್ತು ಜೀಬ್ರಾ ಡೇನಿಯೊ, ಆರು ರೋಸಿ ಬಾರ್ಬ್. ಎಲ್ಲ ಚುರುಕು, ಎಲ್ಲಕ್ಕೂ ತುಸು ತಂಪು ನೀರು ಇಷ್ಟ. ರೋಸಿ ಬಾರ್ಬ್ ಮೆದು ಗಿಡಗಳನ್ನು ತಿನ್ನುವುದರಿಂದ ಅನುಬಿಯಾಸ್, ಜಾವಾ ಫರ್ನ್ ಥರದ ಗಟ್ಟಿ ಎಲೆಯ ಗಿಡ ಇಡಿ. ಉದ್ದ ಬಾಲದ ನಿಧಾನದ ಮೀನು ಈ ಟ್ಯಾಂಕಿಗೆ ಬೇಡ.

7. ಯಾರು ಮೊದಲು, ಯಾರು ಆಮೇಲೆ

ಪಟ್ಟಿ ಸರಿ ಇದ್ದರೂ ಎಲ್ಲರನ್ನೂ ಒಂದೇ ದಿನ ಬಿಟ್ಟರೆ ಕೆಲಸ ಕೆಡುತ್ತದೆ. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಅದನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಹೊಸ ಫಿಲ್ಟರ್‌ನಲ್ಲಿ ಈ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ನಮ್ಮ ನೀರು ತುಸು ಕ್ಷಾರ ಅಂದೆವಲ್ಲ. ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ಜಾಸ್ತಿ. ಆದ್ದರಿಂದ ಇಲ್ಲಿ ಆತುರ ಪಟ್ಟರೆ ಪೆಟ್ಟು ದೊಡ್ಡದು. ಮೀನು ಇಲ್ಲದೆಯೇ ಟ್ಯಾಂಕ್ ಓಡಿಸಿ, ದಿನಾ ಚಿಟಿಕೆ ಮೀನಿನ ಆಹಾರ ಹಾಕುತ್ತಾ ಬನ್ನಿ, ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿ ನೈಟ್ರೇಟ್ ಕಾಣಿಸಿಕೊಂಡ ಮೇಲೆ ಮೊದಲ ಗುಂಪು ತನ್ನಿ.

ಮೊದಲು ಗಟ್ಟಿಮುಟ್ಟಾದ ಶಾಂತ ಗುಂಪು, ಎರಡು ವಾರ ಬಿಟ್ಟು ತಳದವರು, ಕೊನೆಗೆ ಜಾಗ ತನ್ನದು ಅನ್ನುವ ಸ್ವಭಾವದವರು. ಬೆಟ್ಟಾ, ಗುರಾಮಿ ಮೊದಲೇ ಬಂದು ನೆಲೆಸಿದರೆ ಟ್ಯಾಂಕೆಲ್ಲ ತನ್ನದು ಅನ್ನುತ್ತವೆ. ಕೊನೆಗೆ ಬಂದರೆ ಇದ್ದವರ ನಡುವೆ ಜಾಗ ಹುಡುಕಿಕೊಳ್ಳುತ್ತವೆ. ಆಗಲೂ ಜಗಳ ಕಂಡರೆ ಕಲ್ಲು, ಗಿಡಗಳ ಜಾಗ ಬದಲಿಸಿ. ಗಡಿ ಅಳಿಸಿದರೆ ಎಲ್ಲರೂ ಹೊಸಬರೇ.

ಹೊಸ ಮೀನನ್ನು ಎರಡರಿಂದ ನಾಲ್ಕು ವಾರ ಬೇರೆ ಸಣ್ಣ ಟ್ಯಾಂಕಿನಲ್ಲಿ ಇಟ್ಟು ನೋಡುವುದು ಒಳ್ಳೆಯ ಅಭ್ಯಾಸ. ಮೈಮೇಲೆ ಉಪ್ಪಿನ ಕಾಳಿನಂಥ ಬಿಳಿ ಚುಕ್ಕೆ ಬರುವ ರೋಗ ಹಳೆಯ ಮೀನುಗಳಿಗೆಲ್ಲ ಹರಡದಂತೆ ತಡೆಯಲು ಇದೇ ದಾರಿ.

ಚಳಿಗಾಲಕ್ಕೆ ಎರಡು ಎಚ್ಚರಿಕೆ. ಹೊರಗೆ ಮೈನಸ್ ಹತ್ತು ಇರುವಾಗ ಮೀನಿನ ಕವರ್ ಕೈಯಲ್ಲಿ ಹಿಡಿದು ಬಸ್‌ಸ್ಟಾಪಿನಲ್ಲಿ ನಿಂತರೆ ಮನೆ ಮುಟ್ಟುವುದರೊಳಗೆ ಕಷ್ಟ. ಥರ್ಮೋಕೋಲ್ ಪೆಟ್ಟಿಗೆ ಅಥವಾ ಊಟದ ಕೂಲರ್ ಬ್ಯಾಗ್ ಒಯ್ಯಿರಿ. ಇನ್ನೊಂದು, ಜನವರಿಯಲ್ಲಿ ನಲ್ಲಿಯ ತಣ್ಣೀರು ಕೈ ಕೊರೆಯುವಷ್ಟು ತಂಪು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವಾಗ ಟ್ಯಾಂಕಿನ ಉಷ್ಣತೆಗೆ ಹೊಂದಿಸಿ, ಕ್ಲೋರಿನ್ ಮತ್ತು ಕ್ಲೋರಮಿನ್ ಎರಡನ್ನೂ ತೆಗೆಯುವ ಕಂಡೀಷನರ್ ಹಾಕಿಯೇ ಸುರಿಯಿರಿ. ಕ್ಲೋರಿನ್ ಮೀನಿನ ಕಿವಿರನ್ನೂ ಸುಡುತ್ತದೆ, ನಾವು ಆರು ವಾರ ಕಾದು ಬೆಳೆಸಿದ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ.

8. ಕೋರ್ಸ್ ಮುಗಿದಾಗ ಮೀನು ಎಲ್ಲಿಗೆ?

ಇದು ಯಾರೂ ಕೇಳದ, ಆದರೆ ಕೊಳ್ಳುವ ಮೊದಲೇ ಕೇಳಬೇಕಾದ ಪ್ರಶ್ನೆ. ನಮ್ಮ ಕೋರ್ಸ್ ಎರಡು ವರ್ಷ. ಗಪ್ಪಿಯ ಆಯಸ್ಸು ಹೆಚ್ಚುಕಡಿಮೆ ಅಷ್ಟೇ, ಆದರೆ ಕೋರಿಡೋರಸ್ ಐದು ವರ್ಷ ದಾಟುತ್ತದೆ, ಗೋಲ್ಡ್‌ಫಿಶ್ ಹತ್ತು ವರ್ಷಕ್ಕೂ ಮೀರಿ ಬದುಕಬಲ್ಲದು. ಕೋ-ಆಪ್ ಸಿಕ್ಕಿ ಬೇರೆ ಊರಿಗೆ ಹೋಗಬೇಕು, ಊರಿಗೆ ವಾಪಸ್ ಹೊರಡಬೇಕು ಅಂದಾಗ ಕೆಲವರಿಗೆ ಹತ್ತಿರದ ಕ್ರೀಕ್ ಕಾಣುತ್ತದೆ. ಶೃಂಗೇರಿಯ ತುಂಗೆಯಲ್ಲಿ ಮೀನುಗಳಿಗೆ ಮಂಡಕ್ಕಿ ಹಾಕಿ ಬೆಳೆದ ನಮಗೆ ಮೀನನ್ನು ಹೊಳೆಗೆ ಬಿಡುವುದು ಪುಣ್ಯ ಅಂತಲೇ ಅನ್ನಿಸಬಹುದು.

ಅದು ಪುಣ್ಯದ ಕೆಲಸ ಅಲ್ಲ. ಉಷ್ಣ ವಲಯದ ಮೀನಾದರೆ ಮೊದಲ ಚಳಿಗೇ ಸಾಯುತ್ತದೆ. ಸಾಯದ ಮೀನಾದರೆ ಇನ್ನೂ ಕಷ್ಟ. ಪಕ್ಕದ ಹ್ಯಾಮಿಲ್ಟನ್ ಹಾರ್ಬರ್‌ನಲ್ಲಿ ಗೋಲ್ಡ್‌ಫಿಶ್‌ಗಳು ಭಾರಿ ಸಂಖ್ಯೆಯಲ್ಲಿ ಬೆಳೆದು, ತಳ ಕೆದಕಿ ನೀರು ಕದಡಿ, ಸ್ಥಳೀಯ ಮೀನು ಮತ್ತು ಗಿಡಗಳ ಜಾಗ ನುಂಗುತ್ತಿವೆ. ಹಿಮಗಟ್ಟಿದ ಕೆರೆಯಡಿಯಲ್ಲಿ ಆಮ್ಲಜನಕ ಮುಗಿದರೂ ಗೋಲ್ಡ್‌ಫಿಶ್ ತನ್ನ ಮೈಯಲ್ಲಿ ಆಲ್ಕೋಹಾಲ್ ತಯಾರಿಸುವ ಉಪಾಯದಿಂದ ಉಸಿರು ಹಿಡಿದಿರುತ್ತದೆ. ನಮ್ಮದೇ ನೆರೆಯ ಬರ್ಲಿಂಗ್‌ಟನ್‌ನ ಒಂದು ಪಾರ್ಕಿನ ಕೊಳದಲ್ಲಿ 2021ರಲ್ಲಿ ಮಾರ್ಬಲ್ಡ್ ಕ್ರೇಫಿಶ್ ಸಿಕ್ಕಿತು. ಗಂಡಿನ ಹಂಗಿಲ್ಲದೆ ಒಂಟಿ ಹೆಣ್ಣೇ ನೂರಾರು ಮರಿ ಮಾಡುವ, ಅಕ್ವೇರಿಯಂ ವ್ಯಾಪಾರದಿಂದ ಹರಡಿದ ಜೀವಿ ಅದು. 2022ರಿಂದ ಒಂಟಾರಿಯೊದಲ್ಲಿ ಅದನ್ನು ಸಾಕುವುದೇ ನಿಷಿದ್ಧ. ಅದೇ 2021ರ ಮಾರ್ಚ್‌ನಲ್ಲಿ ಅಂಗಡಿಯಲ್ಲಿ ಮಾರುವ ಮಾಸ್ ಬಾಲ್ ಪಾಚಿ ಉಂಡೆಗಳೊಳಗೆ ಜೀಬ್ರಾ ಮಸೆಲ್ ಚಿಪ್ಪುಗಳು ಅಮೆರಿಕ, ಕೆನಡಾ ಎರಡೂ ಕಡೆ ಪತ್ತೆಯಾದವು. ಅಂದರೆ ಮೀನು ಮಾತ್ರವಲ್ಲ, ಗಿಡ, ನೀರು, ಬಸವನಹುಳು ಯಾವುದನ್ನೂ ಕ್ರೀಕಿಗಾಗಲಿ ಮಳೆನೀರಿನ ಚರಂಡಿಗಾಗಲಿ ಸುರಿಯಬಾರದು. ಆ ಚರಂಡಿ ಸೇರುವುದು ಸಿಕ್ಸ್‌ಟೀನ್ ಮೈಲ್ ಕ್ರೀಕ್‌ನಂಥ ಹೊಳೆಗಳನ್ನು, ಅಲ್ಲಿಂದ ಅದೇ ಸರೋವರವನ್ನು. ಹೊರಗಿನ ಜಲಚರವನ್ನು ಇಲ್ಲಿನ ನೀರಿಗೆ ಬಿಡುವುದು ಕಾನೂನಿನ ಪ್ರಕಾರವೂ ಅಪರಾಧ.

ನಮ್ಮ ಊರಿಗೂ ಇದು ಗೊತ್ತಿರುವ ಕಥೆಯೇ. ಸೊಳ್ಳೆ ಮರಿ ತಿನ್ನಲಿ ಅಂತ ಬಾವಿ ಕೆರೆಗಳಿಗೆ ಬಿಟ್ಟ ಗಂಬೂಸಿಯಾ, ಗಪ್ಪಿಗಳು ಅಲ್ಲೇ ನೆಲೆಯೂರಿವೆ. ಅಕ್ವೇರಿಯಂನಿಂದ ಹೊರಬಿದ್ದ ಸಕ್ಕರ್ ಮೀನು ದಕ್ಷಿಣ ಭಾರತದ ಎಷ್ಟೋ ಕೆರೆ ಹೊಳೆಗಳಲ್ಲಿ ಬಲೆ ಹರಿಯುತ್ತಿದೆ.

ಸರಿಯಾದ ದಾರಿಗಳು ಇವೆ. ಕೆಲವು ಅಂಗಡಿಗಳು ಆರೋಗ್ಯವಾಗಿರುವ ಮೀನನ್ನು ವಾಪಸ್ ತೆಗೆದುಕೊಳ್ಳುತ್ತವೆ. ಕೊಳ್ಳುವ ದಿನವೇ ಕೇಳಿಟ್ಟುಕೊಳ್ಳಿ. ಹ್ಯಾಮಿಲ್ಟನ್, ಟೊರೊಂಟೊ ಸುತ್ತ ಮೀನು ಸಾಕುವವರ ಹಳೆಯ ಸಂಘಗಳಿವೆ, ಅವರಲ್ಲಿ ಕೊಡು ಕೊಳ್ಳುವುದು ನಡೆಯುತ್ತಲೇ ಇರುತ್ತದೆ. ಎಲ್ಲಕ್ಕಿಂತ ಸುಲಭ, ನಮ್ಮ ಸಂಘದ ಜೂನಿಯರ್‌ಗಳಿಗೆ ಟ್ಯಾಂಕ್ ಸಮೇತ ದಾಟಿಸುವುದು. ಫಿಲ್ಟರ್‌ನ ಸ್ಪಂಜನ್ನು ಒಣಗಲು ಬಿಡದೆ ಟ್ಯಾಂಕಿನ ನೀರಿನಲ್ಲೇ ಇಟ್ಟು ಕೊಟ್ಟರೆ ಅವರು ಆರು ವಾರ ಕಾಯುವುದೂ ಉಳಿಯುತ್ತದೆ. ಜೊತೆಗೆ ಒಂದು ಚೀಟಿ ಬರೆದು ಕೊಡಿ: ಯಾವ ಮೀನು ಎಷ್ಟಿವೆ, ಎಷ್ಟು ಡಿಗ್ರಿ, ಏನು ತಿನ್ನುತ್ತವೆ, ಯಾರಿಗೆ ಯಾರನ್ನು ಕಂಡರೆ ಆಗುವುದಿಲ್ಲ.

ಕೊನೆಯದಾಗಿ, ಅಂಗಡಿಗೆ ಹೋಗುವ ಮೊದಲು ಐದು ಪ್ರಶ್ನೆ ಕೇಳಿಕೊಳ್ಳಿ:

- ನಮ್ಮ ನಲ್ಲಿ ನೀರು, ನಮ್ಮ ಟ್ಯಾಂಕಿನ ಉಷ್ಣತೆ ಇದಕ್ಕೆ ಆಗುತ್ತದೆಯೇ?
- ಪೂರ್ತಿ ಬೆಳೆದರೆ ಎಷ್ಟು ದೊಡ್ಡದಾಗುತ್ತದೆ?
- ಅದರ ಬಾಯಿಗೆ ಹಿಡಿಸುವವರು, ಅದನ್ನು ಬಾಯಿಗೆ ಹಾಕಿಕೊಳ್ಳುವವರು ಟ್ಯಾಂಕಿನಲ್ಲಿ ಇದ್ದಾರೆಯೇ?
- ಅದರ ಗುಂಪಿಗೆ, ಅದರ ಮಹಡಿಗೆ ಜಾಗ ಇದೆಯೇ?
- ನಾವು ಈ ಊರು ಬಿಟ್ಟರೆ ಇದನ್ನು ಯಾರು ನೋಡಿಕೊಳ್ಳುತ್ತಾರೆ?

ಐದಕ್ಕೂ ಉತ್ತರ ಸಿಕ್ಕರೆ ಧೈರ್ಯವಾಗಿ ತನ್ನಿ. ಒಂದಕ್ಕೆ ಸಿಗದಿದ್ದರೂ ಆ ದಿನ ಬರಿಗೈಲಿ ವಾಪಸ್ ಬನ್ನಿ, ಅಂಗಡಿ ಎಲ್ಲಿಗೂ ಹೋಗುವುದಿಲ್ಲ. ಟ್ಯಾಂಕ್ ಕೂಡಿಸುವ ಯೋಚನೆ ಇರುವವರು ಸಂಘದ ಮುಂದಿನ ಸಭೆಯಲ್ಲಿ ನಮ್ಮನ್ನು ಹಿಡಿಯಿರಿ. ಓಡುತ್ತಿರುವ ಫಿಲ್ಟರ್‌ನ ಒಂದು ತು೦ಡು ಸ್ಪಂಜು, ನಾಲ್ಕು ಕಡ್ಡಿ ಗಿಡ ಕೊಡಲು ನಾವು ಸಿದ್ಧ.